ಎದ್ದು ಹೋದವರ ಪಟ್ಟಿ

ಹೋದ ತಿಂಗಳು ಮೂಡಲಗಿಯಲ್ಲಿ ಒಂದು ಲಗ್ನ ಮುಗಿಸಿಕೊಂಡು ಬರುವಾಗ, ಅವ್ವನ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಬೇಕೆಂದು ಬಸ್ ನಿಲ್ದಾಣದ ಎದುರಿನ ಅಂಗಡಿಯೊಂದಕ್ಕೆ ಹೊಕ್ಕೆ. ಯಂತ್ರದ ಬಾಯಿಂದ ಕಾರ್ಡು ಬಿಸಿಬಿಸಿಯಾಗಿ ಹೊರಗೆ ಬಂತು. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಹಿಂದೆಯೇ ಝೆರಾಕ್ಸ್ ಪುಡಿಯ ಆ ಒಣ ವಾಸನೆ... ಅಂಗಡಿಯವನು ಏನೋ ಕೇಳುತ್ತಿದ್ದ, ನನಗೆ ಕೇಳಿಸಲೇ ಇಲ್ಲ. ನಾನು ಆಗಲೇ ಕುಲಗೋಡಕ್ಕೆ ಹೋಗಿ ಮುಟ್ಟಿದ್ದೆ. ಪಕ್ಕದಲ್ಲಿದ್ದ ಅವ್ವ ಮೊಳಕೈಯಿಂದ ತಿವಿದು, "ನಿಂತಲ್ಲೆ ನಿದ್ದಿ ಮಾಡತಿಯೇನ?" ಎಂದಾಗ ಎಚ್ಚರವಾಯಿತು.

ಕುಲಗೋಡದಲ್ಲಿ ಒಬ್ಬ ಅಕ್ಕ ಇದ್ದರು. ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅವರದೊಂದು ಅಂಗಡಿ. ಊರಿನವರೆಲ್ಲ ಅವರನ್ನು ಝೆರಾಕ್ಸ್ ಅಕ್ಕ ಎಂದೇ ಕರೆಯುತ್ತಿದ್ದರು. ಝೆರಾಕ್ಸ್ ತೆಗೆಯುವುದು, ಲ್ಯಾಮಿನೇಶನ್ ಮಾಡುವುದು ಹೆಸರಿಗಷ್ಟೇ. ನಿಜವಾದ ಕೆಲಸವೆಂದರೆ ಊರಿನವರ ಅರ್ಜಿ ತುಂಬುವುದು. ಬೆಳೆ ವಿಮೆ, ಪಿಂಚಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಎಲ್ಲವೂ ಅವರ ಒಂದೇ ಒಂದು ಫೋನಿನಿಂದ. ನಾನು ಅವರನ್ನು ಬಲ್ಲೆನೆಂದು ಹೇಳಿಕೊಳ್ಳುವುದು ನಾಲ್ಕು ವರ್ಷದ ಪರಿಚಯದ ಮೇಲೆ. ಆ ನಾಲ್ಕು ವರ್ಷದಲ್ಲಿ ಮೊದಲ ಮೂರು ದಿನ ನಾನು ಅವರ ಜೊತೆ ಬರೀ ಜಗಳವಾಡಿದ್ದೆ.

ನಾನು ಹುಕ್ಕೇರಿಯವಳು. ಕೆಲಸ ಗೋಕಾಕದಲ್ಲಿ. ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಆಫೀಸು. ಒಟ್ಟು ನಾಲ್ಕು ಜನ. ಸುತ್ತಲಿನ ಸಂಘ, ಶಾಲೆ, ಬೀಜದ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಹೊಟ್ಟೆಪಾಡು. ಅಕ್ಕನ ಪರಿಚಯವಾದ ವರ್ಷ ಗೋಕಾಕದ ಒಂದು ಸಂಸ್ಥೆಯವರು ತಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅರ್ಜಿಯನ್ನು ಆನ್‌ಲೈನಿನಲ್ಲೇ ತೆಗೆದುಕೊಳ್ಳುವುದೆಂದು ಗೊತ್ತು ಮಾಡಿದರು. ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ಬರುವ ಹಳ್ಳಿಯ ಹುಡುಗಿಯರಿಗೆ ಆ ಹಾಸ್ಟೆಲ್ಲು. ಅಲ್ಲಿ ಜಾಗ ಸಿಕ್ಕರೆ ಕಾಲೇಜು. ಸಿಗದಿದ್ದರೆ ದಿನಾ ಬಸ್ಸಿನಲ್ಲಿ ಯಾರು ಕಳಿಸುತ್ತಾರೆ, ಇರಲಿ ಬಿಡು ಎಂದು ಮನೆಯವರು ಸುಮ್ಮನಾಗುತ್ತಿದ್ದರು. ಅರ್ಜಿಗೆ ಶನಿವಾರ ಸಂಜೆ ಐದು ಗಂಟೆಯೇ ಕೊನೆ. ಅದರ ಮೇಲೆ ಒಂದು ನಿಮಿಷವೂ ಇಲ್ಲ.

ಆ ಅರ್ಜಿಯ ಪುಟ ಬರೆದವಳು ನಾನೇ. ಬರೆದು ಸುಮ್ಮನೆ ಕೂರದೆ, ನಿಜವಾದ ಬಳಕೆದಾರರಿಗೆ ಪುಟ ಹೇಗೆ ಕಾಣುತ್ತಿದೆ ಎಂದು ಅಳೆಯುವ ವ್ಯವಸ್ಥೆಯನ್ನೂ ಹೊಸದಾಗಿ ಕಲಿತು ಅದರಲ್ಲಿ ಕೂರಿಸಿದ್ದೆ. ಕೆಲಸ ದೊಡ್ಡದೇನಲ್ಲ. ಪುಟದ ಒಳಗೆ ಒಂದು ಸಣ್ಣ ಕೋಡು ಇರುತ್ತದೆ. ಪುಟ ಯಾರ ಫೋನಿನಲ್ಲಿ ತೆರೆಯುತ್ತದೋ ಅವರ ಫೋನಿನಲ್ಲೇ ಅದು ಗಡಿಯಾರ ಹಿಡಿದು ಕೂರುತ್ತದೆ. ಮೊದಲ ಅಕ್ಷರ ಕಾಣಲು ಎಷ್ಟು ಹೊತ್ತು, ಗುಂಡಿ ಒತ್ತಿದ ಮೇಲೆ ಎಷ್ಟು ಹೊತ್ತು, ಫೋಟೊ ಏರಲು ಎಷ್ಟು ಹೊತ್ತು ಎಂದು ಎಣಿಸಿ ನಮಗೊಂದು ಚೀಟಿ ಕಳಿಸುತ್ತದೆ. ಎಷ್ಟು ಜನರನ್ನು ಗಮನಿಸಬೇಕು, ಯಾವ ಪುಟಕ್ಕೆ ಏನು ಹೆಸರು, ಹುಡುಗಿಯರ ಹೆಸರು ಫೋನ್ ನಂಬರು ಚೀಟಿಯಲ್ಲಿ ಬಾರದ ಹಾಗೆ ಹೇಗೆ ಮುಚ್ಚಬೇಕು, ಯಾವ ಚೀಟಿಯನ್ನು ಬಿಸಾಕಬೇಕು, ಇಷ್ಟನ್ನೂ ಕೋಡಿನಲ್ಲೇ ಬರೆದಿಡಬೇಕು. ಪ್ರತಿ ಊರಿಗೆ ಕಳಿಸಿದ ಲಿಂಕಿನಲ್ಲಿ ಆ ಊರಿನ ಹೆಸರನ್ನೂ ಸೇರಿಸಿದ್ದೆ, ಯಾವ ಊರಲ್ಲಿ ತಡವಾಗುತ್ತಿದೆ ಎಂದು ತಿಳಿಯಲಿ ಎಂದು. ನನ್ನ ಜಾಣತನಕ್ಕೆ ನಾನೇ ಬೀಗಿ, ಸ್ವರ್ಗಕ್ಕೆ ಮೂರೇ ಗೇಣು ಎನ್ನುವ ಹಾಗೆ ಓಡಾಡಿದ್ದೆ.

ಲೆಕ್ಕವೆಲ್ಲ ಹಸಿರು. ಸರಾಸರಿ ಎರಡು ಸೆಕೆಂಡಿನಲ್ಲಿ ಪುಟ ತೆರೆಯುತ್ತಿದೆ ಎಂದು ಪರದೆ ಹೇಳುತ್ತಿತ್ತು. ನಮ್ಮ ಸರ್ ಆ ಪರದೆಯ ಫೋಟೊ ಹೊಡೆದು ಸಂಸ್ಥೆಯವರಿಗೂ ಕಳಿಸಿಬಿಟ್ಟರು.

ಮಂಗಳವಾರ ಬೆಳಿಗ್ಗೆ ಫೋನು ಬಂತು.

"ಮೇಡಮ್ಮಾರ, ಕುಲಗೋಡದಿಂದ ಮಾತಾಡಾಕತ್ತೇನ್ರಿ. ನಿಮ್ಮ ಅರ್ಜ್ಯಾಗ ಚಕ್ಕರ ತಿರಗಾಕತ್ತೈತಿ. ನಿಂದ್ರವಲ್ದು."

ನೆಟ್‌ವರ್ಕ್ ನೋಡಿ ಎಂದೆ. ನೋಡಿದೆ ಎಂದರು. ಫೋನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಎಂದೆ. ಅದೂ ಆಯಿತು ಎಂದರು. ಇಲ್ಲಿ ಚೆನ್ನಾಗಿ ತೆರೆಯುತ್ತಿದೆಯಲ್ಲ ಎಂದೆ. ಅದಕ್ಕೆ ಅವರು ಬಹಳ ಮೆತ್ತಗೆ, "ಇರಬೌದ್ರಿ. ಆದ್ರ ಅರ್ಜಿ ತುಂಬಾವ್ರು ನೀವಲ್ಲಲ್ಲ" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಫೋನ್ ಇಟ್ಟುಬಿಟ್ಟೆ.

ಬುಧವಾರ ಮತ್ತೆ ಎರಡು ಸಲ ಫೋನು. ಎರಡನೆಯ ಸಲ ನಾನು ಪರದೆಯನ್ನು ನೋಡುತ್ತಲೇ ಮಾತಾಡಿದೆ. ಊರಿನ ಪಟ್ಟಿಯಲ್ಲಿ ಕಲ್ಲೋಳಿ ಇತ್ತು, ಮೂಡಲಗಿ ಇತ್ತು, ಹುಕ್ಕೇರಿ ಇತ್ತು. ಕುಲಗೋಡದ ಮುಂದೆ ಸೊನ್ನೆ. ನನಗೆ ಒಂಥರಾ ಖುಷಿಯೇ ಆಯಿತು, ಸಾಕ್ಷಿ ಸಿಕ್ಕಿತೆಂದು.

"ನೋಡ್ರಿ, ನಮ್ಮ ಲೆಕ್ಕದಾಗ ಕುಲಗೋಡದಿಂದ ಯಾರೂ ಬಂದಽ ಇಲ್ಲ."

ಅಕ್ಕನ ದನಿ ಏರಿತು. "ಯಾರೂ ಬಂದಿಲ್ಲಾ? ಮತ್ತ ಮೂರ ದಿನದಿಂದ ನನ್ನ ಅಂಗಡ್ಯಾಗ ಕುಂತಾವ್ರು ಯಾರ್ರಿ, ದೆವ್ವೇನು? ನೀವಽ ಬಂದ ನೋಡ್ರಿ. ಚಾ ಕುಡಸ್ತೇನಿ, ದೆವ್ವಾನೂ ತೋರಸ್ತೇನಿ."

ಗುರುವಾರ ನಾನು ಕುಲಗೋಡದ ಬಸ್ಸು ಹತ್ತಿದೆ. ಜನರ ತೊಂದರೆ ನೋಡಬೇಕೆಂಬ ದೊಡ್ಡ ಮನಸ್ಸೇನೂ ನನ್ನಲ್ಲಿರಲಿಲ್ಲ. ಆಯಮ್ಮನ ಬಾಯಿ ಮುಚ್ಚಿಸಬೇಕು, ಅಷ್ಟೇ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದೆ.

ಇಳಿದವಳು ಅಂಗಡಿಯ ಮುಂದೆ ನಿಂತು ಸುಮ್ಮನಾದೆ. ಕಟ್ಟೆಯ ಮೇಲೆ ಆರೇಳು ಹುಡುಗಿಯರು, ಅವರ ತಾಯಂದಿರು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಅಂಕಪಟ್ಟಿ. ಒಳಗೆ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ದಾರ ಕಟ್ಟಿದ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಸ್ಟೂಲಿನ ಮೇಲೆ ನಿಂತು ಒಂದು ಕೈ ಮೇಲೆತ್ತಿದ್ದರು. ಕಿಟಕಿಯ ಸರಳಿನ ಎತ್ತರದಲ್ಲಿ ಮಾತ್ರ ನೆಟ್‌ವರ್ಕ್ ಹಿಡಿಯುತ್ತದೆಂದು ಫೋನನ್ನು ಅಲ್ಲಿ ದಾರದಿಂದ ಕಟ್ಟಿದ್ದರು. ನಿಂತುಕೊಂಡೇ ಬೆರಳಿನಿಂದ ಒತ್ತುತ್ತಿದ್ದರು. ಪರದೆಯ ಮೇಲೆ ನಾನು ಬರೆದ ಪುಟ. ಅದರ ನಡುವೆ ಚಕ್ಕರ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು...

"ಬರ್ರಿ ಬರ್ರಿ, ಕುಂದರ್ರಿ. ಗೋಕಾಕ ಮೇಡಮ್ಮಾರ ಹೌದಲ್ಲ? ನಿಮ್ಮ ಸಿಟ್ಟ ನೋಡಿನ ಗೊತ್ತಾತು" ಎಂದು ನಕ್ಕರು.

ನನ್ನೆದುರಿಗೇ ಒಬ್ಬ ತಾಯಿ ಎದ್ದು ನಿಂತು ಸೀರೆ ಕೊಡವಿಕೊಂಡಳು. ಎಮ್ಮೆ ಕಾಯುತ್ತಿರುತ್ತದೆ, ಇನ್ನು ಕೂರಲಾಗದು ಎಂದಳು. ಮಗಳು ಅವಳ ಹಿಂದೆ ನಡೆಯುತ್ತ ಎರಡು ಸಲ ತಿರುಗಿ ಫೋನಿನ ಕಡೆ ನೋಡಿದಳು. ಅಕ್ಕ ಸ್ಟೂಲಿನಿಂದ ಇಳಿದು, ಮಸಿ ಹತ್ತಿ ಕೆಟ್ಟುಹೋದ ಝೆರಾಕ್ಸ್ ಹಾಳೆಯೊಂದರ ಹಿಂಬದಿಗೆ ಏನೋ ಬರೆದರು. ಏನದು ಎಂದು ಇಣುಕಿದೆ. ಗೆರೆ ಹಾಕಿ ನಾಲ್ಕು ಕಾಲಂ ಮಾಡಿದ್ದರು. ಹುಡುಗಿಯ ಹೆಸರು. ಎಲ್ಲಿಗೆ ಬಂದು ನಿಂತಿತು. ಎಷ್ಟು ಹೊತ್ತು ಕೂತರು. ಕೊನೆಯ ಕಾಲಮ್ಮಿನಲ್ಲಿ ಒಂದೊಂದು ಹೆಸರಿನ ಮುಂದೂ ಒಂದೇ ಮಾತು: ಎದ್ದು ಹೋದರು. ಎದ್ದು ಹೋದರು. ಎದ್ದು ಹೋದರು.

ಎಷ್ಟು ಹೊತ್ತು ಎಂಬಲ್ಲಿ "ಒಂದು ಚಾ", "ಎರಡು ಚಾ", "ಅರ್ಧ ಚಾ" ಎಂದಿತ್ತು. ಚಾ ಎಂದರೆ ಎದುರಿನ ಹೋಟೆಲಿನಿಂದ ಚಹಾ ತರಿಸಿ, ಆರಿಸಿ, ಕುಡಿದು, ಕಪ್ಪು ಕೆಳಗಿಡುವಷ್ಟು ಹೊತ್ತು. ನನಗೆ ನಗು ಬಂತು. ನನ್ನದು ಸೆಕೆಂಡನ್ನು ಸಾವಿರ ಚೂರು ಮಾಡಿ ಅಳೆಯುವ ಲೆಕ್ಕ. ಅವರದು ಚಹಾದ ಲೆಕ್ಕ. ಎರಡರಲ್ಲಿ ನಿಜ ಹೇಳುತ್ತಿದ್ದದ್ದು ಅವರದು.

ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ನನ್ನ ಕೋಡನ್ನು ಮೊದಲಿಂದ ಓದಿದೆ. ಓದಿದ ಹಾಗೆ ಮುಖ ಬಿಸಿಯಾಗುತ್ತ ಹೋಯಿತು. ಚೀಟಿ ಕಳಿಸಬೇಕಾದದ್ದು ಪುಟ ಪೂರ್ತಿ ತೆರೆದ ಮೇಲೆ ಎಂದು ಬರೆದಿದ್ದೆ. ಹಾಗಾದರೆ ಪುಟ ತೆರೆಯದೆ ಬೇಸತ್ತು ಹೋದವರ ಚೀಟಿ ಎಲ್ಲಿಂದ ಬರಬೇಕು? ದಡ ಮುಟ್ಟಿದವರನ್ನು ಮಾತ್ರ ಕೇಳಿ ಹೊಳೆ ಹೇಗಿದೆ ಎಂದು ಬರೆದುಕೊಂಡ ಹಾಗಾಗಿತ್ತು. ಅದೂ ಎಲ್ಲರನ್ನೂ ಕೇಳಿರಲಿಲ್ಲ. ಹತ್ತರಲ್ಲಿ ಒಬ್ಬರನ್ನು ಗಮನಿಸಿದರೆ ಸಾಕೆಂದು ಇಟ್ಟಿದ್ದೆ. ದೊಡ್ಡ ಊರಿನ ದೊಡ್ಡ ವೆಬ್‌ಸೈಟಿನವರು ಹಾಗೆ ಮಾಡುತ್ತಾರೆಂದು ಎಲ್ಲೋ ಓದಿದ್ದೆ, ಹಾಗೇ ತಂದು ಅಂಟಿಸಿದ್ದೆ.

ಇವೆಲ್ಲ ಒಂದು ಕಡೆ. ಅವುಗಳ ಕೆಳಗೆ ಇನ್ನೊಂದು ಸಾಲಿತ್ತು. ಒಂದೇ ಫೋನಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಸಲ ಅರ್ಜಿ ತೆರೆದರೆ ಅದು ಮನುಷ್ಯರಲ್ಲ, ಯಾವುದೋ ಯಂತ್ರ. ಅದರ ಚೀಟಿಗಳನ್ನೆಲ್ಲ ಬಿಸಾಕು.

ಕುಲಗೋಡದ ಮುಂದಿನ ಸೊನ್ನೆ ಬಂದದ್ದು ಅಲ್ಲಿಂದ. ಒಂದು ಫೋನು, ಒಬ್ಬ ಅಕ್ಕ, ಹಿಂದೆ ಇಡೀ ಊರು. ಅದನ್ನು ನಾನು ಯಂತ್ರವೆಂದು ತೆಗೆದು ಒಗೆದಿದ್ದೆ. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಇರಲಿ ಎನ್ನಬಹುದಿತ್ತು. ಹುಕ್ಕೇರಿಯಲ್ಲಿ ನನ್ನ ಕಾಲೇಜಿನ ಅರ್ಜಿಯನ್ನು ತುಂಬಿದ್ದೂ ಇಂಥದೇ ಒಂದು ಅಂಗಡಿಯಲ್ಲಿ, ಮೂವತ್ತು ಜನರ ಹಿಂದೆ ನಿಂತು, ಪರರ ಬೆರಳಿನಿಂದ. ನಮ್ಮ ಕಡೆ ಅರ್ಜಿ ತುಂಬುವುದೇ ಹಾಗೆ. ಅದನ್ನು ಮರೆತು, ಒಬ್ಬರಿಗೆ ಒಂದು ಫೋನು ಎಂದು ತಿಳಿದು ಕೋಡು ಬರೆದ ನನ್ನ ತಲೆಗೆ ಏನೆನ್ನಬೇಕು?

ಮುಚ್ಚಿಡಲು ಮನಸ್ಸಾಗಲಿಲ್ಲ. "ಅಕ್ಕಾರ, ತಪ್ಪ ನಂದಽ ರೀ. ನಿಮ್ಮನ್ನ ಮಷಿನ್ ಅಂತ ತಿಳಕೊಂಡು ಲೆಕ್ಕದಿಂದ ತಗದ ಹಾಕೇನಿ" ಎಂದೆ.

ಅವರು ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಷಿನ್ ಅಲ್ದ ಮತ್ತೇನ ತಂಗಿ! ಮುಂಜಾನಿಂದ ನಿಂತೇನಿ, ನೀರ ಕುಡದಿಲ್ಲ, ಊಟ ಮಾಡಿಲ್ಲ. ಖರೇನ ಬರದಿ ಬಿಡು." ಮೇಡಮ್ಮಾರ ಹೋಗಿ ತಂಗಿ ಬಂದದ್ದು ಆ ನಗುವಿನ ನಡುವೆ. ನನಗೆ ಅಳು ಬಂದಂತಾಗಿ, ಹೇಳಿದ ಚಹಾ ಎಲ್ಲಿ ಎಂದು ಜೋರು ಮಾಡಿದೆ.

ಚಹಾ ಕುಡಿಯುವಾಗ ಕೇಳಿದೆ, ಈ ಪಟ್ಟಿ ಯಾಕೆ ಬರೆಯುತ್ತೀರಿ ಎಂದು. ಅವರು ಕಪ್ಪಿನೊಳಗೆ ನೋಡುತ್ತ ಹೇಳಿದರು, ಏನೂ ವಿಶೇಷವಿಲ್ಲ ಎಂಬ ದನಿಯಲ್ಲಿ. ಅವರ ಕಾಲಕ್ಕೆ ಅವರಪ್ಪ ಅವರನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿದ್ದನಂತೆ, ಕಾಲೇಜಿಗೆ ಹೆಸರು ಹಚ್ಚಲು. ಕಾರಕೂನ ಊಟಕ್ಕೆ ಹೋಗಿದ್ದ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಬಿಸಿಲು ಏರಿತು, ಕಾರಕೂನ ಬರಲಿಲ್ಲ. ಊರಿಗೆ ಬಸ್ಸಿನ ಹೊತ್ತಾಯಿತು.

"ಅಪ್ಪ ಏಳು ಅಂದ. ಎದ್ದೆ" ಎಂದರು. "ಯಾರೂ ನನಗ ಬ್ಯಾಡ ಅಂದಿಲ್ಲ ತಂಗಿ. ಅಪ್ಪಾನೂ ಅಂದಿಲ್ಲ, ಕಾಲೇಜಿನವ್ರೂ ಅಂದಿಲ್ಲ. ಎದ್ದ ಬಂದೆ, ಅಷ್ಟಽ. ಎದ್ದ ಹೋದಾವ್ರ ಹೆಸರ ಯಾರೂ ಬರಕೊಳ್ಳಂಗಿಲ್ಲ."

ಹೊರಗೆ ಹುಡುಗಿಯರು ತಮ್ಮ ತಮ್ಮಲ್ಲೇ ಏನೋ ಹೇಳಿಕೊಂಡು ಕಿಸಕ್ಕೆಂದು ನಗುತ್ತಿದ್ದರು... ಆ ಮಸಿ ಹಾಳೆಯಲ್ಲಿ ಹನ್ನೊಂದು ಹೆಸರಿದ್ದವು.

ಅಲ್ಲೇ ಕೂತು ಕೋಡು ತಿದ್ದಿದೆ. ಹತ್ತರಲ್ಲಿ ಒಬ್ಬರಲ್ಲ, ಎಲ್ಲರನ್ನೂ ಗಮನಿಸು ಎಂದು ಬರೆದೆ. ಯಂತ್ರವೆಂದು ಒಗೆಯುವ ಸಾಲನ್ನು ಅಳಿಸಿದೆ. ಚೀಟಿಯನ್ನು ಪುಟ ತೆರೆದ ಮೇಲೆ ಕಳಿಸಬೇಡ, ಪುಟ ಕಣ್ಣಿಂದ ಮರೆಯಾಗುವ ಗಳಿಗೆಯಲ್ಲಿ ಕಳಿಸು, ತೆರೆದಿರಲಿ ತೆರೆಯದಿರಲಿ, ಎಂದು ಬದಲಿಸಿದೆ. ಅದಕ್ಕೂ ಮುಂಚೆ ಒಂದು ಉಪಾಯ ಬೇಕಿತ್ತು. ನನ್ನ ಅಳೆಯುವ ಕೋಡು ಪುಟದ ಬಾಲದಲ್ಲಿತ್ತು. ಬಾಲ ಬರುವವರೆಗೆ ಯಾರು ಕಾಯುತ್ತಾರೆ? ಅದನ್ನು ತಂದು ಪುಟದ ತಲೆಗೆ ಇಟ್ಟೆ. ಸರಾಸರಿಯನ್ನು ಪರದೆಯಿಂದ ತೆಗೆದು, ಊರಿಗೊಂದು ಸಾಲು ಮಾಡಿ, ಪ್ರತಿ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾದವರನ್ನು ಮೇಲೆ ತೋರಿಸು ಎಂದೆ. ಅರ್ಧಕ್ಕೆ ಬಿಟ್ಟು ಹೋದವರಿಗೊಂದು ಹೆಸರು ಕೊಡಬೇಕಿತ್ತು. ಯೋಚನೆಯನ್ನೇ ಮಾಡದೆ ಎದ್ದುಹೋದರು ಎಂದು ಟೈಪ್ ಮಾಡಿದೆ. ಇವತ್ತಿಗೂ ನಮ್ಮ ಕೋಡಿನಲ್ಲಿ ಆ ಹೆಸರೇ ಇದೆ.

ಚೀಟಿಗಳು ಬರತೊಡಗಿದ ಮೇಲೆ ರೋಗ ಎಲ್ಲಿದೆಯೆಂದು ಅರ್ಧ ಚಹಾದ ಹೊತ್ತಿನಲ್ಲಿ ಗೊತ್ತಾಯಿತು. ಅರ್ಜಿಯ ಮೇಲೆ ಸಂಸ್ಥೆಯ ಅಧ್ಯಕ್ಷರದು, ಉಪಾಧ್ಯಕ್ಷರದು, ನಿರ್ದೇಶಕರದು ಎಂದು ದೊಡ್ಡ ದೊಡ್ಡ ಫೋಟೊಗಳನ್ನು ಸಾಲಾಗಿ ಹಾಕಿದ್ದೆವು. ಅವೆಲ್ಲ ಪೂರ್ತಿ ಇಳಿದ ಮೇಲೆಯೇ ಕೆಳಗಿನ ಅರ್ಜಿ ಬರುತ್ತಿತ್ತು. ಗೋಕಾಕದಲ್ಲಿ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಆಗುತ್ತಿತ್ತು. ಕಿಟಕಿಯ ಸರಳಿಗೆ ಕಟ್ಟಿದ ಫೋನಿನಲ್ಲಿ ಅಲ್ಲ. ಅಧ್ಯಕ್ಷರು ಬರುವವರೆಗೆ ಕಾರ್ಯಕ್ರಮ ಶುರುವಾಗದೆ ಮಕ್ಕಳು ಬಿಸಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ.

ಶುಕ್ರವಾರ ಆಫೀಸಿನಲ್ಲಿ ಸರ್ ಮುಂದೆ ಇದನ್ನು ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಅಧ್ಯಕ್ಷರ ಫೋಟೊ ತಗದ್ರ ಅವ್ರು ನನ್ನ ತಗೀತಾರವ್ವ" ಎಂದರು. ಅವರ ಹೆದರಿಕೆ ಸುಳ್ಳಲ್ಲ. ನಾನು ಅವರೊಡನೆ ವಾದ ಮಾಡಲಿಲ್ಲ. ಕುಲಗೋಡದ ಸಾಲನ್ನು ತೋರಿಸಿ, ಅಕ್ಕನ ಮಸಿ ಹಾಳೆಯ ಫೋಟೊವನ್ನು ಪಕ್ಕದಲ್ಲಿಟ್ಟೆ. ಹನ್ನೊಂದು ಹೆಸರನ್ನು ಸರ್ ಒಂದೊಂದಾಗಿ ಓದಿದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಕೊನೆಗೆ, ಫೋಟೊ ತೆಗೆಯುವುದು ಬೇಡ, ಸಣ್ಣದು ಮಾಡಿ ಅರ್ಜಿಯ ಕೆಳಗೆ ಇಡು, ಅರ್ಜಿ ಬಂದು ಕೂತ ಮೇಲೆ ಹಿರಿಯರು ನಿಧಾನಕ್ಕೆ ಬರಲಿ, ಯಾರಾದರೂ ಕೇಳಿದರೆ ನಾನು ಮಾತಾಡುತ್ತೇನೆ ಎಂದರು. ಮಧ್ಯಾಹ್ನದೊಳಗೆ ಹಾಗೇ ಮಾಡಿ ಅಕ್ಕನಿಗೆ ಫೋನು ಹಚ್ಚಿದೆ. ಅವರು ಅಲ್ಲೇ ಒಂದು ಅರ್ಜಿ ತೆರೆದು ನೋಡಿದರು.

"ತಂಗೀ, ಚಾಕ್ಕ ಹೇಳೂದರಾಗ ತಗೀತಲ್ಲ!" ಎಂದು ಕೂಗಿದರು.

ಶನಿವಾರ ಬೆಳಿಗ್ಗೆಯಿಂದ ನಾನು ಪರದೆಯ ಮುಂದಿನಿಂದ ಕದಲಲಿಲ್ಲ. ಕುಲಗೋಡದ ಸಾಲಿನಲ್ಲಿ ಅದೇ ಒಂದು ಫೋನು. ಒಂದು ಅರ್ಜಿ ಪೂರ್ತಿ, ಇನ್ನೊಂದು ಪೂರ್ತಿ. ಎದ್ದು ಹೋದವರನ್ನೆಲ್ಲ ಅಕ್ಕ ಮನೆಮನೆಗೆ ಹೇಳಿಕಳಿಸಿ ಕರೆಸಿದ್ದರು. ಮೂರು ಗಂಟೆಗೆ ಹತ್ತಾದವು. ಹನ್ನೊಂದನೆಯದು ಬರಲಿಲ್ಲ. ಫೋನ್ ಮಾಡಿದೆ. ಆ ಹುಡುಗಿಯ ತಾಯಿ ಕೂಲಿಗೆ ಹೋಗುವವಳು. ಮೂರು ಸಲ ಕೆಲಸ ಬಿಟ್ಟು ಬಂದು ಕೂತು ಹೋಗಿದ್ದಳು. ಇನ್ನು ಬರುವುದಿಲ್ಲ, ನನ್ನ ಮಗಳೂ ನನ್ನ ಜೊತೆ ಹೊಲಕ್ಕೆ ಬರುತ್ತಾಳೆ ಎಂದು ಹೇಳಿಕಳಿಸಿದ್ದಳಂತೆ. ಅವಳದೇನು ತಪ್ಪು? "ನೋಡೂಣ ತಡಿ" ಎಂದು ಅಕ್ಕ ಫೋನಿಟ್ಟರು.

ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ನಾಲ್ಕಾಯಿತು. ನಾಲ್ಕೂಕಾಲಾಯಿತು. ಸರ್ ಕೂಡ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ನಾಲ್ಕೂಮುಕ್ಕಾಲಿಗೆ ಎರಡು ನಿಮಿಷ ಇರುವಾಗ ಕುಲಗೋಡದ ಸಾಲಿನಲ್ಲಿ ಒಂದು ಅರ್ಜಿ ತೆರೆಯಿತು. ಮೊದಲ ಪುಟ. ಎರಡನೆಯ ಪುಟ. ಫೋಟೊದ ಪುಟದಲ್ಲಿ ನಿಂತಿತು... ನಿಂತೇ ಇತ್ತು... ಆಮೇಲೆ ಪೂರ್ತಿ ಎಂದು ಬಂತು. ನಾನು ಕೂಗಿದ ಕೂಗಿಗೆ ಕೆಳಗಿನ ಔಷಧದ ಅಂಗಡಿಯವರು ಮೇಲೆ ಓಡಿಬಂದರು.

ಆಗಿದ್ದಿಷ್ಟು. ಅಕ್ಕ ಅಂಗಡಿಗೆ ಬೀಗ ಜಡಿದು, ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತು ಆ ಕಬ್ಬಿನ ಹೊಲಕ್ಕೇ ಹೋಗಿದ್ದರು. ಕಸ ತೆಗೆಯುತ್ತಿದ್ದ ತಾಯಿ ಮಗಳಿಬ್ಬರನ್ನೂ ಬದುವಿನ ಮೇಲೆ ಕೂರಿಸಿ, ಹುಡುಗಿಯ ಮುಖ ತಮ್ಮ ಸೆರಗಿನಿಂದ ಒರೆಸಿ, ಅಲ್ಲೇ ಫೋಟೊ ಹೊಡೆದು ಅರ್ಜಿ ತುಂಬಿದ್ದರು. ಆ ಫೋಟೊದಲ್ಲಿ ಹುಡುಗಿಯ ಹಿಂದೆ ಬರೀ ಕಬ್ಬು. ಹಾಸ್ಟೆಲ್ಲಿನವರು ಬಿಳಿ ಹಿನ್ನೆಲೆ ಕೇಳಿದ್ದರು, ಆದರೂ ಅದನ್ನು ತಿರುಗಿ ಕಳಿಸಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಹುಡುಗಿಯರಿಗೆ ಜಾಗ ಸಿಕ್ಕಿತು. ಹೊಲದ ಹುಡುಗಿಗೂ ಸಿಕ್ಕಿತು. ಸಿಗದ ಇಬ್ಬರಿಗಾಗಿ ಅಕ್ಕ ಬೇರೆ ಹಾಸ್ಟೆಲ್ಲುಗಳ ಬಾಗಿಲು ಬಡಿದರು. ಅದೊಂದು ಬೇರೆಯೇ ಕಥೆ.

ಅಲ್ಲಿಂದ ಮುಂದೆ ಪ್ರತಿ ವರ್ಷ ಅರ್ಜಿಯ ದಿನಗಳಲ್ಲಿ ನಮ್ಮಿಬ್ಬರದು ಒಂದು ಪದ್ಧತಿಯಾಯಿತು. ಚೀಟಿಯಲ್ಲಿ ಹೆಸರು ಕಾಣದ ಹಾಗೆ ಮುಚ್ಚಿದವಳು ನಾನೇ, ಹಾಗಾಗಿ ಎದ್ದು ಹೋದವರು ಯಾರೆಂದು ನನಗೆ ತಿಳಿಯುತ್ತಿರಲಿಲ್ಲ. ಊರು ಮಾತ್ರ ತಿಳಿಯುತ್ತಿತ್ತು. ಕುಲಗೋಡದಲ್ಲಿ ಒಂದು ಬಿದ್ದರೆ ಅಕ್ಕನಿಗೆ ಫೋನ್ ಹಚ್ಚುತ್ತಿದ್ದೆ. "ಹೂಂ, ಗೊತ್ತೈತಿ, ಯಾವಾಕಿ ಅಂತ. ನಾ ನೋಡ್ತೇನಿ ತಗೊ" ಎನ್ನುತ್ತಿದ್ದರು. ಅಷ್ಟು ಸಾಕಿತ್ತು. ಸಂಜೆಯೊಳಗೆ ಆ ಅರ್ಜಿ ಪೂರ್ತಿಯಾಗುತ್ತಿತ್ತು. ನಾಲ್ಕು ವರ್ಷ ಹೀಗೆ ನಡೆಯಿತು.

ಎರಡು ವರ್ಷದ ಹಿಂದೆ ಒಂದು ದಿನ ಫೋನ್ ಮಾಡಿದರೆ ಅವರ ನಾದಿನಿ ಎತ್ತಿದರು. ಜ್ವರವೆಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲವಂತೆ. ಆಗಲೇ ತಿಂಗಳಾಗಿತ್ತು. ನನಗೆ ಯಾರು ತಿಳಿಸಬೇಕು? ಅವರ ಮನೆಯವರಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ. ಗೋಕಾಕದ ಆಫೀಸಿನಲ್ಲಿ ಹಾಡುಹಗಲೇ ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಈಗ ಕುಲಗೋಡದ ಸಾಲಿನಲ್ಲಿ ಆ ಒಂದು ಫೋನು ಕಾಣುವುದಿಲ್ಲ. ಅದರ ಬದಲು ಬೇರೆ ಬೇರೆ ಫೋನುಗಳು, ಒಂದೊಂದರಿಂದ ಒಂದೊಂದು ಅರ್ಜಿ. ಹುಡುಗಿಯರು ತಾವೇ ತುಂಬುತ್ತಾರೆ, ಬೇಗನೆ ತುಂಬುತ್ತಾರೆ. ಅಕ್ಕ ಇದ್ದಿದ್ದರೆ, ಇನ್ನ ನಾ ಚಾ ಕುಡಕೊಂತ ಕುಂದರಬೇಕಷ್ಟಽ ಎಂದು ಗೊಣಗಿ ಒಳಗೊಳಗೇ ಹಿಗ್ಗುತ್ತಿದ್ದರು. ನನಗೂ ಆ ಸಾಲು ನೋಡಿದರೆ ಹಿಗ್ಗು, ಆದರೂ ಕಣ್ಣು ಆ ಒಂದು ಫೋನನ್ನೇ ಹುಡುಕುತ್ತದೆ.

ಮೊನ್ನೆ ಸೋಮವಾರ ಕುಲಗೋಡದ ಒಂದು ಫೋನು ಒಂದೇ ದಿನದಲ್ಲಿ ಮೂರು ಸಲ ಎದ್ದು ಹೋಯಿತು. ಮೂರೂ ಸಲ ಒಂದೇ ಪುಟದಲ್ಲಿ. ತಡವೇನೂ ಇರಲಿಲ್ಲ, ಪುಟಗಳು ಒಂದೂವರೆ ಸೆಕೆಂಡಿನಲ್ಲಿ ತೆರೆದಿದ್ದವು. ಕೈ ತಾನಾಗಿ ಫೋನಿನ ಕಡೆ ಹೋಯಿತು. ಯಾರಿಗೆ ಹಚ್ಚಲಿ? ಗೊತ್ತೈತಿ ತಗೊ ಎನ್ನುವವರು ಯಾರಿದ್ದಾರೆ? ನಾನೇ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

ಕುಲಗೋಡದಲ್ಲಿ ಬಸ್ಸಿಳಿದು, ಕಟ್ಟೆಯ ಮೇಲೆ ಕೂತ ಹೆಂಗಸರನ್ನು ಕೇಳಿದೆ, ಈ ವರ್ಷ ಹತ್ತನೇ ಮುಗಿಸಿ ಹಾಸ್ಟೆಲ್ಲಿಗೆ ಅರ್ಜಿ ಹಾಕಬೇಕಾದ ಹುಡುಗಿಯರು ಯಾರಾರಿದ್ದಾರೆಂದು. ಮೂರು ಸಲ ಎದ್ದು ಹೋದ ಹುಡುಗಿ ಮೂರನೆಯ ಮನೆಯಲ್ಲಿ ಸಿಕ್ಕಳು. ಅಪ್ಪ ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದಾರೆ, ಮನೆಯಲ್ಲಿ ಅವಳು ಮತ್ತು ಅವಳ ಆಯಿ, ಅಂದರೆ ಅಜ್ಜಿ. ಯಾಕಮ್ಮ ನಿಲ್ಲಿಸಿದೆ ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು.

"ಪಾಲಕರ ಸಹಿ ಫೋಟೊ ಹೊಡದ ಹಾಕ್ರಿ ಅಂತ ಬರದೈತ್ರಿ ಮೇಡಂ. ನಮ್ಮ ಆಯಿಗೆ ಸಹಿ ಬರಂಗಿಲ್ಲ. ಹೆಬ್ಬಟ್ಟ ಒತ್ತತಾಳ."

ಆ ಸಹಿ ಎಂಬ ಶಬ್ದವನ್ನು ಅಲ್ಲಿ ಟೈಪ್ ಮಾಡಿದವಳು ನಾನು. ಹೆಬ್ಬೆಟ್ಟು ಬೇಡ ಎಂದು ಯಾರೂ ಹೇಳಿರಲಿಲ್ಲ, ಸಂಸ್ಥೆಯವರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳು ತಾನೇ ಓದಿಕೊಂಡು, ತಾನೇ ತಿಳಿದುಕೊಂಡು, ಸುಮ್ಮನೆ ಎದ್ದಿದ್ದಳು. ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಅಲ್ಲಿಂದಲೇ ಆಫೀಸಿಗೆ ಫೋನ್ ಮಾಡಿ, ಸಹಿ ಅಥವಾ ಹೆಬ್ಬೆಟ್ಟು ಎಂದು ಈಗಲೇ ಬದಲಿಸಿರಿ ಎಂದೆ. ಆಯಿ ಒಳಗಿಂದ ಬಂದು, ಹೆಬ್ಬೆರಳನ್ನು ಸೀರೆಗೆ ಉಜ್ಜಿ ಸಿದ್ಧ ಮಾಡಿಕೊಂಡು ನನ್ನ ಪಕ್ಕದಲ್ಲಿ ಕೂತಳು. ನಾನು ನನ್ನ ಪೆನ್ನಿನ ಮಸಿಯನ್ನು ಆ ಬೆರಳಿಗೆ ಸವರುತ್ತಿದ್ದೆ. ಅಷ್ಟರಲ್ಲಿ ದಾರಿಯ ಕಡೆಯಿಂದ ಹಾರ್ನ್ ಕೇಳಿಸಿತು.

"ಗೋಕಾಕ ಬಸ್ ಬಂತ್ರಿ ಮೇಡಂ" ಎಂದಳು ಹುಡುಗಿ, ನನಗಿಂತ ಅವಳಿಗೇ ಗಾಬರಿ.

"ಹೋಗ್ಲಿ ಬಿಡವ್ವ" ಎಂದೆ. "ನಿನ್ನ ಅರ್ಜಿ ಹೋಗೂತನಕ ನಾ ಇಲ್ಲಿಂದ ಏಳಂಗಿಲ್ಲ."